ಪ್ರಭಾವಳಿ ಹಳೆಯದು, ಒಳಗಿನವಳು ಹೊಸಬಳು

ಚಿತ್ರದಲ್ಲಿ ಒಬ್ಬ ಯುವತಿ ನಗುತ್ತಾ ಓಡಿಬರುತ್ತಿದ್ದಾಳೆ. ಕಾಲಲ್ಲಿ ಓಟದ ಬೂಟು, ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ನಕ್ಷತ್ರಗಳ ಮೇಲುಹೊದಿಕೆ. ಬೆನ್ನ ಹಿಂದೆ ಹೊನ್ನಿನ ಕಿರಣಗಳ ಪ್ರಭಾವಳಿ. ಆ ಪ್ರಭಾವಳಿ ಗ್ವಾಡಲೂಪೆ ಮಾತೆಯದು, ಅಂದರೆ ಮೆಕ್ಸಿಕೋದ ಜನ ಪೂಜಿಸುವ ಮೇರಿ ಮಾತೆಯದು. ಓಡುತ್ತಿರುವವರು ಚಿತ್ರ ಬರೆದ ಯೊಲಾಂಡಾ ಲೋಪೆಸ್. 1978ರಲ್ಲಿ ಅವರು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಕಲಾ ವಿದ್ಯಾರ್ಥಿನಿ. ಹುಟ್ಟಿ ಬೆಳೆದದ್ದು ಅದೇ ಊರಿನ ಮೆಕ್ಸಿಕನ್ ಕೇರಿಯಲ್ಲಿ, ತಾಯಿ ಮತ್ತು ಅಜ್ಜ-ಅಜ್ಜಿಯರ ಜೊತೆ.

ಮೂಲ ಚಿತ್ರದ ಕಥೆ 1531ಕ್ಕೆ ಹೋಗುತ್ತದೆ. ಸ್ಪೇನಿನವರು ಮೆಕ್ಸಿಕೋದ ಅಜ್ಟೆಕ್ ರಾಜಧಾನಿಯನ್ನು ಗೆದ್ದು ಹತ್ತೇ ವರ್ಷವಾಗಿತ್ತು. ಮತಾಂತರಗೊಂಡಿದ್ದ ಸ್ಥಳೀಯ ಹ್ವಾನ್ ಡಿಯೆಗೋನಿಗೆ ತೆಪೆಯಾಕ್ ಗುಡ್ಡದ ಮೇಲೆ ಮಾತೆ ಕಾಣಿಸಿಕೊಂಡಳು, ಅವನ ನಾರಿನ ಹೊದಿಕೆಯ ಮೇಲೆ ಆಕೆಯ ರೂಪ ಮೂಡಿತು ಎಂಬುದು ನಂಬಿಕೆ. ಈ ಕಥೆ ಪುಸ್ತಕವಾಗಿ ಅಚ್ಚಾದದ್ದು ಮಾತ್ರ ಶತಮಾನದ ನಂತರ: 1648ರಲ್ಲಿ ಸ್ಪ್ಯಾನಿಷ್‌ನಲ್ಲಿ, ಮರುವರ್ಷ ಅಜ್ಟೆಕರ ನಾವಾಟ್ಲ್ ಭಾಷೆಯಲ್ಲಿ. ಅದೇ ಗುಡ್ಡದಲ್ಲಿ ಮೊದಲು ತೊನಾಂತ್ಸಿನ್, ಅಂದರೆ 'ನಮ್ಮ ತಾಯಿ', ಪೂಜೆಗೊಳ್ಳುತ್ತಿದ್ದಳು. ಜನ ಹೊಸ ಮಾತೆಯನ್ನೂ ಹಳೆ ಹೆಸರಿನಿಂದಲೇ ಕರೆಯುತ್ತಾರೆಂದು 16ನೇ ಶತಮಾನದಲ್ಲೇ ಪಾದ್ರಿ ಸಹಾಗುನ್ ಗೊಣಗಿದ್ದರು.

ಈ ಚಿತ್ರ ಇಗರ್ಜಿಯ ಗೋಡೆಗೆ ಅಂಟಿಕೊಂಡು ಕೂತದ್ದಲ್ಲ. 1810ರಲ್ಲಿ ಮೆಕ್ಸಿಕೋದ ಪಾದ್ರಿ ಮಿಗೆಲ್ ಹಿಡಾಲ್ಗೊ ಸ್ಪೇನಿನ ವಿರುದ್ಧ ಬಂಡೆದ್ದಾಗ ಅದೇ ಬಾವುಟ. ಮುಂದಿನ ಶತಮಾನದ ಮೆಕ್ಸಿಕನ್ ಕ್ರಾಂತಿಯಲ್ಲಿ ನಾಯಕ ಜಪಾಟಾನ ರೈತರ ಕೈಯಲ್ಲೂ ಅದೇ. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರ್ಮಿಕ ನಾಯಕ ಸೀಸರ್ ಚಾವೆಜ್ ಮುಂದಾಳತ್ವದಲ್ಲಿ ದ್ರಾಕ್ಷಿತೋಟದ ಕೂಲಿಗಳು ಡೆಲಾನೊದಿಂದ ಸ್ಯಾಕ್ರಮೆಂಟೊಗೆ ಸುಮಾರು 300 ಮೈಲಿ ನಡೆದರು. ಮೆರವಣಿಗೆಯಲ್ಲಿ ಮಾತೆಯೂ ಇದ್ದಳು, ಕೋಲಿಗೆ ಕಟ್ಟಿದ ಬಟ್ಟೆಯ ಮೇಲೆ.

ಆದರೆ ಬಾವುಟ ಎಷ್ಟು ದೂರ ನಡೆದರೂ ಬಾವುಟದೊಳಗಿನವಳು ನಿಂತಲ್ಲೇ ನಿಂತಿದ್ದಳು. ಮೂಲ ಚಿತ್ರ ನೋಡಿ: ತಗ್ಗಿದ ಕಣ್ಣು, ಮುಗಿದ ಕೈ, ಪಾದದ ಮೇಲೆ ಮಡಿಕೆಯಾಗಿ ಬಿದ್ದ ಉಡುಪು. ಆ ಬಟ್ಟೆಯಲ್ಲಿ ಎರಡು ಹೆಜ್ಜೆ ಹಾಕುವುದೂ ಕಷ್ಟ. 1970ರ ದಶಕದ ಚಿಕಾನಾ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್, ವಿದ್ಯಾರ್ಥಿನಿಯರು ಕೈಹಾಕಿದ್ದು ಇಲ್ಲಿಗೆ. ಕೃಷಿಕಾರ್ಮಿಕರ ಮಗಳು ಎಸ್ಟರ್ ಹೆರ್ನಾಂಡೆಸ್ ಬರ್ಕ್ಲಿಯಲ್ಲಿ ಓದುತ್ತಿದ್ದಾಗಲೇ, 1975ರ ಹೊತ್ತಿಗೆ, ತಮ್ಮ ಅಚ್ಚುಚಿತ್ರದಲ್ಲಿ ಮಾತೆಗೆ ಕರಾಟೆ ಉಡುಪು ತೊಡಿಸಿ ಕಾಲೆತ್ತಿ ಒದೆಯುವಂತೆ ಮಾಡಿದರು.

ಲೋಪೆಸ್ ಅದನ್ನು ಮನೆಯೊಳಕ್ಕೇ ತಂದರು. 1977ರಲ್ಲಿ ವಿಶ್ವವಿದ್ಯಾಲಯದ ಆವರಣದಲ್ಲಿ ತಾನು ಓಡುವ ಚಿತ್ರಮಾಲಿಕೆ ಬರೆದಿದ್ದರು. ಈಗ ಅದೇ ಓಟಗಾರ್ತಿ ಪ್ರಭಾವಳಿಯಿಂದ ಹೊರಕ್ಕೆ ಜಿಗಿದಳು, ಕೆಳಗಿದ್ದ ದೇವದೂತನನ್ನೂ ದಾಟಿ. ಜೊತೆಗೆ ಇನ್ನೆರಡು ಚಿತ್ರ. ಒಂದರಲ್ಲಿ ತಾಯಿ ಹೊಲಿಗೆಯಂತ್ರದ ಮುಂದೆ ಕೂತು ನಕ್ಷತ್ರದ ಹೊದಿಕೆಯನ್ನು ತಾನೇ ಹೊಲಿಯುತ್ತಿದ್ದಾರೆ. ಇನ್ನೊಂದರಲ್ಲಿ ಅಜ್ಜಿ, ಕೈಯಲ್ಲಿ ಚಾಕು ಮತ್ತು ಸುಲಿದ ಹಾವಿನ ಚರ್ಮ. ಹೆಚ್ಚು ಹೆಸರು ಮಾಡಿದ್ದು ಓಟದ ಚಿತ್ರ. ನನಗೆ ಮಾತ್ರ ಅಜ್ಜಿಯ ಮುಖವೇ ಹೆಚ್ಚು ಕಾಡುತ್ತದೆ. ಆ ದಣಿವಿಗೆ ಯಾರ ಮೆಚ್ಚುಗೆಯೂ ಬೇಕಿಲ್ಲ.

ಇದನ್ನು ದೈವನಿಂದನೆ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. 2001ರಲ್ಲಿ ಸಾಂತಾ ಫೆ ನಗರದ ಜಾನಪದ ಕಲಾ ಸಂಗ್ರಹಾಲಯದಲ್ಲಿ ಆಲ್ಮಾ ಲೋಪೆಸ್ (ಯೊಲಾಂಡಾರ ಸಂಬಂಧಿಯಲ್ಲ) ಅವರ ಡಿಜಿಟಲ್ ಚಿತ್ರ ತೂಗಿದಾಗ ಗಲಾಟೆ ಜೋರಾಯಿತು: ಮಾತೆಯ ಮೈಮೇಲೆ ಗುಲಾಬಿ ಹೂಗಳಷ್ಟೇ ಉಡುಪು, ಕೈ ಸೊಂಟದ ಮೇಲೆ, ನೋಟ ನೇರ. ಆರ್ಚ್‌ಬಿಷಪ್ ವಿರೋಧಿಸಿದರು, ಜನ ಪ್ರತಿಭಟಿಸಿದರು. ಯುದ್ಧದ ಬಾವುಟವಾಗಲು ಒಪ್ಪಿಗೆ ಸಿಕ್ಕಿದವಳಿಗೆ ತಲೆಯೆತ್ತಿ ನೋಡಲು ಸಿಗಲಿಲ್ಲ. ಮರುವರ್ಷ ಪೋಪ್ ಎರಡನೇ ಜಾನ್ ಪಾಲ್ ಹ್ವಾನ್ ಡಿಯೆಗೋನನ್ನು ಸಂತನೆಂದು ಘೋಷಿಸಿದರು.

ಯೊಲಾಂಡಾ ಲೋಪೆಸ್ 2021ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಸ್ಯಾನ್ ಡಿಯಾಗೋದ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ ಅವರ ಚಿತ್ರಗಳ ಪ್ರದರ್ಶನ ತೆರೆದದ್ದು ಮರುತಿಂಗಳು.