ಒಬ್ಬರ ಪಾಲಿಗೆ ಎರಡೇ ಸ್ವರ

ದೇವರಮನೆಯ ಗಂಟೆಯನ್ನು ತಲೆಕೆಳಗು ಮಾಡಿ ಒಳಗೆ ಇಣುಕಿದರೆ ನಾಲಿಗೆ ಒಂದು ಕೊಂಡಿಯಲ್ಲಿ ನೇತಾಡುವುದು ಕಾಣುತ್ತದೆ. ಅದು ಎತ್ತ ಬೇಕಾದರೂ ವಾಲುತ್ತದೆ, ಒಮ್ಮೆ ಅಲ್ಲಾಡಿಸಿದರೆ ಆ ಬದಿಗೂ ಈ ಬದಿಗೂ ಬಡಿಯುತ್ತದೆ. ಮಂಗಳಾರತಿಗೆ ಬೇಕಾದದ್ದೂ ಅದೇ, ಬಿಡುವಿಲ್ಲದ ನಾದ. ಇಂಗ್ಲೆಂಡ್, ಅಮೆರಿಕದ ಚರ್ಚುಗಳಲ್ಲಿ ನುಡಿಸುವ ಹ್ಯಾಂಡ್‌ಬೆಲ್ಲಿನ ಲೋಹವೂ ಕಂಚೇ: ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ಆದರೆ ಅದರ ನಾಲಿಗೆಯನ್ನು ಅಡ್ಡಕೀಲಿಗೆ ಸಿಕ್ಕಿಸಿರುತ್ತಾರೆ, ಹಾಗಾಗಿ ಹಿಂದೆ ಮುಂದೆ ಮಾತ್ರ ಆಡುತ್ತದೆ. ಬಡಿದ ಮರುಕ್ಷಣ ಪುಟ್ಟ ಸ್ಪ್ರಿಂಗೊಂದು ಅದನ್ನು ಲೋಹದಿಂದ ಹಿಂದಕ್ಕೆ ಸರಿಸಿಬಿಡುತ್ತದೆ. ಕೈ ಒಮ್ಮೆ ಬೀಸಿದರೆ ಒಂದೇ ಪೆಟ್ಟು. ನಾಲಿಗೆಗೆ ಈ ಕಡಿವಾಣ ಬಿದ್ದ ಮೇಲೆಯೇ ಗಂಟೆಯಲ್ಲಿ ಧಾಟಿ ನುಡಿಸಲು ಬಂದದ್ದು, ಅದಕ್ಕೆಂದೇ ಸಂಗೀತ ಬರೆಯುವವರು ಹುಟ್ಟಿಕೊಂಡದ್ದು.

ಅವರು ಬರೆದದ್ದರಲ್ಲಿ ಬಹುಪಾಲು ಹಳೆಯ ಸ್ತುತಿಗೀತೆಗಳ ಅಳವಡಿಕೆ. ಹೊಸ ರಚನೆಗಳಿಲ್ಲವೆಂದಲ್ಲ, ಆದರೆ ಚರ್ಚಿನ ಕಪಾಟಿನಲ್ಲಿ ಅವು ಕಡಿಮೆ. ನಮ್ಮ ಸಿನಿಮಾ ಸಂಗೀತ ಬಲ್ಲವರಿಗೆ ಅರೇಂಜರ್ ಎಂಬ ಮಾತು ಗೊತ್ತು: ಧಾಟಿ ಒಬ್ಬರದು, ಅದನ್ನು ವಾದ್ಯಗಳಿಗೆ ಹಂಚಿ ಕಟ್ಟುವವರು ಇನ್ನೊಬ್ಬರು. ಹ್ಯಾಂಡ್‌ಬೆಲ್ ಲೋಕದಲ್ಲಿ ಈ ಅರೇಂಜರೇ ಯಜಮಾನ. ಹೀಗಾದದ್ದು ಹೇಗೆಂದು ತಿಳಿಯಲು ಮೂರು ಶತಮಾನ ಹಿಂದಕ್ಕೆ ಹೋಗಬೇಕು.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಚರ್ಚಿನ ಗೋಪುರದ ಗಂಟೆಗಳಲ್ಲಿ ಧಾಟಿ ನುಡಿಸುತ್ತಿರಲಿಲ್ಲ. ಗಂಟೆಗಳ ಕ್ರಮವನ್ನು ಪ್ರತಿ ಸಾಲಿನಲ್ಲೂ ಬದಲಿಸುತ್ತ, ಒಮ್ಮೆ ಬಂದ ಕ್ರಮ ಮತ್ತೆ ಬರದಂತೆ ಬಾರಿಸುವ 'ಚೇಂಜ್ ರಿಂಗಿಂಗ್' ಅಲ್ಲಿನ ಗೀಳು. ಏಳು ಗಂಟೆಗಳಿದ್ದರೆ 5,040 ಕ್ರಮಗಳು. ಎಂಟಾದರೆ 40,320, ಇಷ್ಟನ್ನೂ ಗೋಪುರದ ಗಂಟೆಗಳಲ್ಲಿ ಪಾಳಿ ಬದಲಿಸದೆ 1963ರಲ್ಲಿ ಲಫ್‌ಬರೋದಲ್ಲಿ ಬಾರಿಸಿ ಮುಗಿಸಲು ಸುಮಾರು ಹದಿನೆಂಟು ತಾಸು ಹಿಡಿಯಿತು. ಇಂಥದ್ದನ್ನು ಕಲಿಯಲು ದಿನವೂ ಚಳಿಯ ಗೋಪುರ ಹತ್ತಿದರೆ ಊರಿನವರ ನಿದ್ದೆ ಕೆಡುತ್ತದೆ. ಅದಕ್ಕೇ ಬೆಚ್ಚಗೆ ಒಳಗೆ ಕುಳಿತು ಅಭ್ಯಾಸ ಮಾಡಲು ಕೈಗಂಟೆಗಳು ಬಂದವು. ವಿಲ್ಟ್‌ಶೈರಿನ ಆಲ್ಡ್‌ಬೋರ್ನ್ ಊರಿನ ರಾಬರ್ಟ್ ಮತ್ತು ವಿಲಿಯಂ ಕೋರ್ ಸಹೋದರರು 17ನೇ ಶತಮಾನದ ಕೊನೆಯಿಂದ 18ನೆಯದರ ಆರಂಭದವರೆಗೆ ಶ್ರುತಿಬದ್ಧ ಕೈಗಂಟೆಗಳನ್ನು ಎರಕ ಹೊಯ್ದವರಲ್ಲಿ ಮೊದಲಿಗರು. ಚೇಂಜ್ ರಿಂಗಿಂಗ್ ಮಂದಿಗೆ 'ಕಂಪೋಸರ್' ಎಂದರೆ ಇಂದಿಗೂ ರಾಗ ಕಟ್ಟುವವನಲ್ಲ, ಯಾವ ಸಾಲಿನಲ್ಲಿ ಕ್ರಮ ಮುರಿಯಬೇಕೆಂದು ಲೆಕ್ಕ ಹಾಕುವವನು.

ಅಭ್ಯಾಸದ ಸಾಮಾನು ವಾದ್ಯವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 19ನೇ ಶತಮಾನದಲ್ಲಿ ಯಾರ್ಕ್‌ಶೈರ್, ಲ್ಯಾಂಕಾಶೈರಿನ ಗಿರಣಿ ಊರುಗಳ ತಂಡಗಳು ನೂರಕ್ಕೂ ಹೆಚ್ಚು ಗಂಟೆಗಳನ್ನು ಮೇಜಿನ ಮೇಲೆ ಹರವಿಕೊಂಡು ಒಪೆರಾದ ಭಾಗಗಳನ್ನೇ ನುಡಿಸುತ್ತಿದ್ದವು. ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 1855ರಿಂದ 1926ರವರೆಗೆ ಇದಕ್ಕೆ ಸ್ಪರ್ಧೆ ನಡೆಯುತ್ತಿತ್ತು. ಅಲ್ಲಿ ಪ್ರತಿ ತಂಡಕ್ಕೂ ತನ್ನದೇ ಗಂಟೆಗಳು, ತನ್ನದೇ ಕೈಬರಹದ ಹಾಳೆ. ಅನೇಕರು ಐದು ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಬಿಟ್ಟು ಗಂಟೆಗೊಂದು ಅಂಕಿ ಕೊಟ್ಟು ಬರೆದುಕೊಳ್ಳುತ್ತಿದ್ದರು. ಒಂದು ತಂಡದ ಹಾಳೆ ಇನ್ನೊಂದು ತಂಡದ ಕೈಗೆ ಸಿಕ್ಕರೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಹೀಗಿರುವಾಗ ಅಚ್ಚು ಹಾಕಿ ಮಾರುವವರು ಯಾರು? ತಂಡ ಚದುರಿದಾಗ ಅದರ ಸಂಗೀತವೂ ಹೋಯಿತು.

ಅಮೆರಿಕ ಹ್ಯಾಂಡ್‌ಬೆಲ್ಲನ್ನು ಮೊದಲು ನೋಡಿದ್ದು ತಮಾಷೆಯಾಗಿ. ಪ್ರದರ್ಶನಗಳ ದೊರೆ ಪಿ. ಟಿ. ಬಾರ್ನಮ್ 1840ರ ದಶಕದಲ್ಲಿ ಲ್ಯಾಂಕಾಶೈರಿನ ತಂಡವೊಂದನ್ನು ಕರೆತಂದು, ಸ್ವಿಸ್ ಉಡುಪು ತೊಡಿಸಿ 'ಸ್ವಿಸ್ ಬೆಲ್ ರಿಂಗರ್ಸ್' ಎಂದು ಡಂಗುರ ಹೊಡೆದ. ಗಟ್ಟಿಯಾದ ಬೇರು ಬಿಟ್ಟದ್ದು ಬಾಸ್ಟನ್ನಿನ ಮಾರ್ಗರೆಟ್ ಶರ್ಕ್ಲಿಫ್ ಅವರಿಂದ. 1902ರಲ್ಲಿ ಇಂಗ್ಲೆಂಡಿಗೆ ಹೋಗಿ ಗೋಪುರದ ಗಂಟೆ ಬಾರಿಸಿದ ಅವರಿಗೆ ಲಂಡನ್ನಿನ ವೈಟ್‌ಚಾಪೆಲ್ ಎರಕಶಾಲೆಯ ಆರ್ಥರ್ ಹ್ಯೂಸ್ ಕೈಗಂಟೆಗಳನ್ನು ಕೊಟ್ಟರು. ಬೀಕನ್ ಹಿಲ್‌ನ ಮನೆಯಲ್ಲಿ ಮೊದಲಾದ ಆ ನಾದ 1937ರಲ್ಲಿ ನ್ಯೂ ಇಂಗ್ಲೆಂಡ್ ಗಿಲ್ಡ್ ಎಂಬ ಸಂಘವಾಯಿತು, 1954ರಲ್ಲಿ ಅಮೆರಿಕನ್ ಗಿಲ್ಡ್ ಆಫ್ ಇಂಗ್ಲಿಷ್ ಹ್ಯಾಂಡ್‌ಬೆಲ್ ರಿಂಗರ್ಸ್ ಆಗಿ ಬೆಳೆಯಿತು. ಅಷ್ಟರಲ್ಲಿ ಗಂಟೆಗಳು ಮನೆಯ ಹಜಾರದಿಂದ ಚರ್ಚಿಗೆ ಬಂದಿದ್ದವು. 1960ರ ದಶಕದಲ್ಲಿ ಪೆನ್ಸಿಲ್ವೇನಿಯದ ಶುಲ್ಮರಿಕ್ ಕಂಪನಿ, ಮುಂದಿನ ದಶಕದಲ್ಲಿ ಅದೇ ರಾಜ್ಯದ ಮಾಲ್‌ಮಾರ್ಕ್ ಗಂಟೆ ಮಾಡತೊಡಗಿದ ಮೇಲೆ ಲಂಡನ್ನಿನಿಂದ ಬರುವುದನ್ನು ಕಾಯುವ ಪಾಡು ತಪ್ಪಿತು.

ಗಿಲ್ಡ್ ಮಾಡಿದ ಕೆಲಸಗಳಲ್ಲಿ ಬರೆಯುವವರಿಗೆ ದೊಡ್ಡ ಉಪಕಾರವಾದದ್ದು ಬರಹದ ಕ್ರಮ ಒಂದಾದದ್ದು. ಹ್ಯಾಂಡ್‌ಬೆಲ್ ಬರೆದದ್ದಕ್ಕಿಂತ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಪಿಯಾನೊದ ನಡುವಿನ ಸಿ ಸ್ವರಕ್ಕೆ ಮಿಡ್ಲ್ ಸಿ ಎನ್ನುತ್ತಾರೆ, ಅದರ ಜಾಗದಲ್ಲಿ ಬರೆದ ಗಂಟೆಯ ಹೆಸರು ಸಿ5, ಅಂಕಿ ಸ್ಥಾಯಿಯ ಗುರುತು. ಆ ಸಿ5 ಮತ್ತು ಅದಕ್ಕಿಂತ ಕೆಳಗಿನದೆಲ್ಲ ಹಾಳೆಯ ಕೆಳಗೆರೆಗಳಾದ ಬೇಸ್ ಕ್ಲೆಫ್‌ನಲ್ಲಿ, ಅದರ ಮೇಲಿನದೆಲ್ಲ ಮೇಲ್ಗೆರೆಗಳಾದ ಟ್ರೆಬಲ್ ಕ್ಲೆಫ್‌ನಲ್ಲಿ ಬರಬೇಕು. ಪಿಯಾನೊ ನುಡಿಸುವವರಿಗೆ ಇದು ವಿಚಿತ್ರವೆನಿಸುತ್ತದೆ, ಏಕೆಂದರೆ ಅವರ ಹಾಳೆಯಲ್ಲಿ ಮಿಡ್ಲ್ ಸಿ ಯಾವ ಕೈಗೆ ಬೇಕೋ ಆ ಸಾಲಿಗೆ ಜಿಗಿಯುತ್ತದೆ. ಇಲ್ಲಿ ಹಾಗಾದರೆ ಸಿ5 ಹಿಡಿದು ನಿಂತವರು ತಮ್ಮ ಸ್ವರವನ್ನು ಎರಡು ಕಡೆ ಹುಡುಕಬೇಕಾಗುತ್ತದೆ. ಒಂದು ಗಂಟೆಗೆ ಹಾಳೆಯಲ್ಲಿ ಒಂದೇ ವಿಳಾಸ. ಪಿಯಾನೊ ಹಾಳೆಯನ್ನು ಹಾಗೇ ನಕಲು ಮಾಡಿ ಕೊಟ್ಟ ಅಳವಡಿಕೆ ಮೊದಲ ತಾಲೀಮಿನಲ್ಲೇ ಮುಗ್ಗರಿಸುವುದು ಇಲ್ಲಿ.

ಇನ್ನು ಜನರ ಲೆಕ್ಕ. ಮೂರು ಆಕ್ಟೇವ್ ಎಂದರೆ ಸಿ4ರಿಂದ ಸಿ7ರವರೆಗೆ 37 ಗಂಟೆಗಳು. ಇವುಗಳಲ್ಲಿ 22 ಬಿಳಿ ಕೀಲಿಯ ಸ್ವರಗಳು, 15 ಕಪ್ಪು ಕೀಲಿಯವು. ಒಬ್ಬರಿಗೆ ಎರಡು ಬಿಳಿ ಸ್ವರ, ಅವುಗಳ ಜೊತೆಗಿನ ಕಪ್ಪು ಸ್ವರ, ಅಂದರೆ ಅರ್ಧ ಸ್ವರ ಏರಿದ ಶಾರ್ಪ್, ಇಳಿದ ಫ್ಲ್ಯಾಟ್. ಒಟ್ಟು ಹನ್ನೊಂದು ಜನ. ಐದು ಆಕ್ಟೇವಿಗೆ ಗಂಟೆ 61. ಎಲ್ಲರ ಮುಂದೆಯೂ ಇರುವುದು ಪೂರ್ತಿ ಹಾಳೆಯೇ. ಅದರಲ್ಲಿ ತಮ್ಮ ಸ್ವರಕ್ಕೆ ಬಣ್ಣದ ಗುರುತು ಹಾಕಿಕೊಂಡು ನುಡಿಸುತ್ತಾರೆ.

ಒಂದು ಧಾಟಿಯನ್ನೇ ತೆಗೆದುಕೊಳ್ಳೋಣ. ವೇಲ್ಸಿನ ರೋಲಂಡ್ ಪ್ರಿಚರ್ಡ್ 19ನೇ ಶತಮಾನದ ಮೊದಲರ್ಧದಲ್ಲಿ ಕಟ್ಟಿದ 'ಹವ್ರುಡಾಲ್' ಧಾಟಿ ಚರ್ಚುಗಳಲ್ಲಿ ಮನೆಮಾತು. ಅದರ ಹರವು ಆರೇ ಸ್ವರ. ಎಫ್ ಸ್ವರವೇ ಷಡ್ಜವಾದ ಎಫ್ ಮೇಜರಿನಲ್ಲಿ ಬರೆದರೆ ಎಫ್5ರಿಂದ ಡಿ6. ರೂಢಿಯ ಹಂಚಿಕೆಯಂತೆ ಎಫ್5, ಜಿ5 ಒಬ್ಬರದು. ಎ5, ಬಿ ಫ್ಲ್ಯಾಟ್5 ಇನ್ನೊಬ್ಬರದು. ಸಿ6, ಡಿ6 ಮತ್ತೊಬ್ಬರದು. ಹನ್ನೊಂದು ಜನರ ತಂಡದಲ್ಲಿ ಇಡೀ ಧಾಟಿ ಮೂವರ ಕೈಯಲ್ಲಿ! ಉಳಿದ ಎಂಟು ಮಂದಿ ಆಗೊಮ್ಮೆ ಈಗೊಮ್ಮೆ ಒಂದು ಪೆಟ್ಟು ಕೊಟ್ಟು ನಿಂತಿರಬೇಕು. ಅರೇಂಜರ್ ಏನು ಮಾಡಬೇಕು? ಎರಡನೇ ಚರಣಕ್ಕೆ ಧಾಟಿಯನ್ನು ಒಂದು ಆಕ್ಟೇವ್ ಇಳಿಸಿದರೆ ಅದು ಎಫ್4ರಿಂದ ಡಿ5ಕ್ಕೆ ಬರುತ್ತದೆ, ಬೇರೆ ನಾಲ್ವರ ಪಾಲಾಗುತ್ತದೆ. ಮೊದಲ ಮೂವರಿಗೆ ಮೇಲೆ ಸಣ್ಣ ಅಲಂಕಾರ ಸಾಕು. ಮೂರನೇ ಚರಣ ಜಿ ಮೇಜರಿಗೆ ಏರಿದರೆ ಹಂಚಿಕೆ ಮತ್ತೆ ಅದಲುಬದಲು: ಜಿ5 ಒಬ್ಬರಲ್ಲಿ, ಎ5 ಬಿ5 ಒಬ್ಬರಲ್ಲಿ, ಸಿ6 ಡಿ6 ಒಬ್ಬರಲ್ಲಿ, ಇ6 ನಾಲ್ಕನೆಯವರಲ್ಲಿ. ಕೇಳುವವರಿಗೆ ಇದು ಶ್ರುತಿ ಬದಲಿಸಿದ ಸೊಗಸು. ಬರೆದವರಿಗೆ ಗೊತ್ತು, ಇದು ಕೆಲಸ ಹಂಚಿದ ಬಗೆ.

ಆದರೆ ಆ ಏರಿಕೆಯಲ್ಲೇ ಗುಂಡಿಯೂ ಇದೆ. ಎಫ್‌ನಿಂದ ಜಿಗೆ ಹೋದಾಗ ಬಿ ಫ್ಲ್ಯಾಟ್ ಹಿಡಿದವರು ಅದನ್ನು ಮೇಜಿನ ಮೇಲಿಟ್ಟು ಬಿ ಎತ್ತಿಕೊಳ್ಳಬೇಕು, ಎಫ್ ಹಿಡಿದವರು ಎಫ್ ಶಾರ್ಪ್ ಎತ್ತಿಕೊಳ್ಳಬೇಕು. ಪಿಯಾನೊದಲ್ಲಿ ಬೆರಳು ಸರಿಸಿದಷ್ಟೇ ಕೆಲಸ. ಇಲ್ಲಿ ಇಟ್ಟು, ಹುಡುಕಿ, ಎತ್ತಿ, ನಾಲಿಗೆ ಅಕಸ್ಮಾತ್ ಬಡಿಯದಂತೆ ಹಿಡಿಯಬೇಕು. ಅಷ್ಟೂ ಜನರಿಗೆ ತಾಳದ ಒಂದೆರಡು ಆವರ್ತದಷ್ಟಾದರೂ ಬಿಡುವು ಬರೆದಿರಬೇಕು. ಬರೆಯದಿದ್ದರೆ ಹೊಸ ಶ್ರುತಿಯ ಮೊದಲ ಸ್ವರವೇ ಕಾಣೆ. ಪುಟ ತಿರುಗಿಸುವುದಕ್ಕೂ ಇದೇ ಮಾತು, ಎರಡೂ ಕೈಯಲ್ಲಿ ಗಂಟೆ ಇರುವಾಗ ಹಾಳೆ ಮಗುಚುವುದು ಯಾರು?

ಕೆಳಗಿನ ದೊಡ್ಡ ಗಂಟೆಗಳದು ಬೇರೆ ತೊಡಕು. ಗೋಪುರದ ಗಂಟೆಯಲ್ಲಿ ಮೂಲಸ್ವರದ ಜೊತೆ ಮೈನರ್ ಥರ್ಡ್, ಅಂದರೆ ಕೋಮಲ ಗಾಂಧಾರ, ಎದ್ದು ಕೇಳಿಸುತ್ತದೆ. ಇಂಗ್ಲಿಷ್ ಮಾದರಿಯ ಹ್ಯಾಂಡ್‌ಬೆಲ್ಲನ್ನು ಕಡೆದು ಶ್ರುತಿ ಮಾಡುವಾಗ ಅದರ ಮುಖ್ಯ ಉಪಸ್ವರ ಹನ್ನೆರಡನೆಯದಾಗಿರುವಂತೆ ನೋಡಿಕೊಳ್ಳುತ್ತಾರೆ, ಅಂದರೆ ಒಂದು ಆಕ್ಟೇವಿನ ಮೇಲಿನ ಪಂಚಮ. ಸಿ ಗಂಟೆ ಬಾರಿಸಿದರೆ ಒಳಗಿಂದ ಜಿ ಕೇಳುತ್ತದೆ, ಹಾಗಾಗಿ ಸಿ ಮತ್ತು ಜಿ ಒಟ್ಟಿಗೆ ಹಾಯಾಗಿರುತ್ತವೆ. ಅಲ್ಲಿಗೆ ಇ ಸೇರಿಸಿದರೆ ಅದರ ಒಳಗಿನ ಬಿ ಹೊರಬಂದು ಸಿ ಜೊತೆ ತಿಕ್ಕಾಡುತ್ತದೆ. ಮೇಲಿನ ಗಂಟೆಗಳಲ್ಲಿ ಇದು ತಿಳಿಯುವುದಿಲ್ಲ, ಕೆಳಗೆ ರಾಡಿಯಾಗುತ್ತದೆ. ಬಲ್ಲ ಅರೇಂಜರುಗಳು ಬೇಸ್‌ನಲ್ಲಿ ಬರಿಯ ಆಕ್ಟೇವ್, ಪಂಚಮ ಇಟ್ಟು, ಗಾಂಧಾರವನ್ನು ಮೇಲಿನವರಿಗೆ ಬಿಡುವುದು ಇದಕ್ಕೇ. ದೊಡ್ಡ ಗಂಟೆಯ ನಾಲಿಗೆ ತಡವಾಗಿ ಬಡಿಯುತ್ತದೆ ಎಂಬುದೂ ಉಂಟು. ನುಡಿಸುವವರು ತಾಳಕ್ಕಿಂತ ಮೊದಲೇ ಕೈ ಬೀಸಬೇಕು. ಕೆಳಗೆ ಓಡುವ ಸ್ವರಗಳನ್ನು ಬರೆದರೆ ಅವು ತಾಳದ ಹಿಂದೆ ಕುಂಟುತ್ತವೆ.

ನಾದ ನಿಲ್ಲಿಸುವುದೂ ಬರಹದ ಭಾಗ. ಸ್ವರದ ಅವಧಿ ಮುಗಿದೊಡನೆ ಗಂಟೆಯನ್ನು ಭುಜಕ್ಕೆ ಒತ್ತಿ ಸದ್ದಡಗಿಸಬೇಕು, ಹೊಸ ತಂಡಗಳು ಹೆಚ್ಚಾಗಿ ಮರೆಯುವುದು ಇದನ್ನೇ. ಬೇಕೆಂದೇ ತೇಲಲು ಬಿಡುವಲ್ಲಿ 'ಎಲ್‌ವಿ' ಎಂದು ಬರೆಯುತ್ತಾರೆ, ಮತ್ತೆ ಮಾಮೂಲಿಗೆ ಬರುವಲ್ಲಿ 'ಆರ್'. ಅಲುಗಿಸುವುದಕ್ಕೆ, ಹೆಬ್ಬೆರಳಿಂದ ತಡೆದು ಬಾರಿಸುವುದಕ್ಕೆ, ಮೇಜಿನ ಮೇಲಿಟ್ಟು ನಾಲಿಗೆ ಮೀಟುವುದಕ್ಕೆ, ಮ್ಯಾಲೆಟ್‌ನಿಂದ ಹೊಡೆಯುವುದಕ್ಕೆ ಒಂದೊಂದು ಗುರುತು. 'ಮಾರ್ಟೆಲಾಟೊ' ಎಂದಿದ್ದರೆ ಗಂಟೆಯನ್ನು ಅಡ್ಡಲಾಗಿ ಹಿಡಿದು ಮೆತ್ತೆಯ ಮೇಲೆ ಕುಕ್ಕಬೇಕು. ಮೆತ್ತೆಯ ಫೋಮ್ ಮೂರು ನಾಲ್ಕು ಅಂಗುಲ ದಪ್ಪವಿರಲಿ. ತೆಳು ಬಟ್ಟೆ ಹಾಸಿದ ಮೇಜಿನ ಮೇಲೆ ಕುಕ್ಕಿದರೆ, ಅಥವಾ ಬಾಯಿಯ ಅಂಚು ಮೊದಲು ತಗುಲಿದರೆ, ಕಂಚು ಬಿರುಕು ಬಿಡಬಹುದು. ಬಿರುಕು ಬಿಟ್ಟ ಗಂಟೆಗೆ ರಿಪೇರಿ ಇಲ್ಲ, ಹೊಸದನ್ನೇ ಎರಕ ಹೊಯ್ಯಿಸಬೇಕು. ಪ್ರಿನ್ಸ್‌ಟನ್ನಿನ ವೆಸ್ಟ್‌ಮಿನ್‌ಸ್ಟರ್ ಕ್ವಾಯರ್ ಕಾಲೇಜಿನಲ್ಲಿ ಬೆಲ್ ಕ್ವಾಯರ್ ಎಂಬ ಗಂಟೆ ನುಡಿಸುವ ತಂಡ ಕಟ್ಟಿದ ಡೊನಾಲ್ಡ್ ಆಲ್ಯುರ್ಡ್ ಅವರಂಥವರು ಈ ವಿಧಾನಗಳನ್ನು ಗಿಮಿಕ್ಕಿನ ಮಟ್ಟದಿಂದ ಎತ್ತಿ ಸಂಗೀತದ ಶಿಸ್ತಿಗೆ ತಂದರು.

ಇಷ್ಟೆಲ್ಲ ಪಾಡು ಪಡುವವರು ಹಳೆಯ ಧಾಟಿಗೇ ಏಕೆ ಅಂಟಿಕೊಂಡರು? ಭಾನುವಾರದ ಆರಾಧನೆಯಲ್ಲಿ ಗಂಟೆಗೆ ಸಿಗುವುದು ಮೂರು ನಾಲ್ಕು ನಿಮಿಷ, ಹಾಡಿಲ್ಲದ ಸಂಗೀತ. ಸಭೆಗೆ ಪರಿಚಿತ ಧಾಟಿ ಕೇಳಿಸಿದರೆ ಅದರ ಮಾತು ತಾನಾಗಿ ನೆನಪಿಗೆ ಬರುತ್ತದೆ. ಸ್ತುತಿಗೀತೆಗಳ ಪುಸ್ತಕದಲ್ಲಿ ಧಾಟಿಗೇ ಬೇರೆ ಹೆಸರು, ಅದರ ಪಕ್ಕ 8.7.8.7 ಎಂಬಂಥ ಅಕ್ಷರಗಳ ಎಣಿಕೆ. ನಮ್ಮ ಗಮಕಿಗಳು ಒಂದು ಭಾಮಿನಿ ಷಟ್ಪದಿಯನ್ನು ಬೇಕಾದ ರಾಗದಲ್ಲಿ ಹಾಡಿದ ಹಾಗೆ, ಎಣಿಕೆ ಕೂಡಿದರೆ ಯಾವ ಸಾಹಿತ್ಯ ಯಾವ ಧಾಟಿಗಾದರೂ ಸರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ಧಾಟಿಗಳಿಗೆ ಕನ್ನಡ ಸಾಹಿತ್ಯ ಕೂಡಿಸಿ ಹಾಡಿಸಿದ್ದೂ ಈ ದಾರಿಯಲ್ಲೇ.

ಇನ್ನೊಂದು ಕಾರಣ ಕಾನೂನಿನದು, ಅದರ ತೂಕ ಭಕ್ತಿಯದಕ್ಕಿಂತ ಕಡಿಮೆಯೇನಲ್ಲ. ಅಯೋವಾದ ಕ್ಲಾರಿಂಡಾ ಊರಿನ ಶಾಲೆ ಮತ್ತು ಚರ್ಚುಗಳೆರಡರಲ್ಲೂ ಹಾಡಿಸುತ್ತಿದ್ದ ಒಬ್ಬರು 1959ರಲ್ಲಿ ಕೃತಿಸ್ವಾಮ್ಯದ ಹಕ್ಕುಳ್ಳ ಭಕ್ತಿಗೀತೆಯೊಂದನ್ನು ತಮ್ಮ ಹಾಡುವ ತಂಡಕ್ಕೆ ಹೊಸದಾಗಿ ಅಳವಡಿಸಿ, ಶಾಲೆಯ ಯಂತ್ರದಲ್ಲಿ 48 ಪ್ರತಿ ತೆಗೆದರು. ಶಾಲೆಯಲ್ಲಿ ಒಮ್ಮೆ, ಚರ್ಚಿನಲ್ಲಿ ಒಮ್ಮೆ ಹಾಡಿಸಿದರು. ಆಮೇಲೆ ಮೂಲ ರಚನಕಾರ ಆಸ್ಟ್ರಿಸ್ ವಿಟೋಲ್ ಅವರಿಗೇ ಪತ್ರ ಬರೆದು, ನನ್ನ ಅಳವಡಿಕೆ ನಿಮಗೆ ಬೇಕೆ ಎಂದು ಕೇಳಿದರು. ಉತ್ತರವಾಗಿ ಬಂದದ್ದು ದಾವೆ. ಕೆಳ ನ್ಯಾಯಾಲಯ ಬಿಟ್ಟರೂ, ಪೂರ್ತಿ ಹಾಡನ್ನು ನಕಲು ಮಾಡಿದ್ದು ನ್ಯಾಯೋಚಿತ ಬಳಕೆಯಲ್ಲವೆಂದು 1962ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ದುರುದ್ದೇಶ ಇರಲಿಲ್ಲವೆಂಬುದು ರಕ್ಷಣೆಗೆ ಬರಲಿಲ್ಲ. 1976ರ ಅಮೆರಿಕದ ಕಾಯ್ದೆ ಆರಾಧನೆಯ ವೇಳೆ ನುಡಿಸಲು ವಿನಾಯಿತಿ ಕೊಟ್ಟಿತು. ನಕಲು ತೆಗೆಯಲು ಕೊಡಲಿಲ್ಲ, ಅಳವಡಿಸಲೂ ಕೊಡಲಿಲ್ಲ. ಚರ್ಚುಗಳಿಗೆ ನಕಲಿನ ಅನುಮತಿ ಕೊಡುವ, 1988ರಲ್ಲಿ ಶುರುವಾದ ಸಿಸಿಎಲ್‌ಐ ಪರವಾನಗಿ ಸಭೆ ಹಾಡುವ ಗೀತೆಗಳಿಗೆ. ಅದಿದೆಯೆಂದು ಹ್ಯಾಂಡ್‌ಬೆಲ್ ಹಾಳೆಗಳನ್ನು ಜೆರಾಕ್ಸ್ ಮಾಡಿದರೆ ತಪ್ಪೇ.

ಹೀಗಾಗಿ ಹಕ್ಕಿನ ಅವಧಿ ಮುಗಿದ ಧಾಟಿ ಎಲ್ಲರಿಗೂ ಸಲೀಸು. ಅಮೆರಿಕದಲ್ಲಿ 2025ರ ಹೊತ್ತಿಗೆ 1929ರವರೆಗೆ ಪ್ರಕಟವಾದದ್ದು ಮುಕ್ತವಾಗಿದೆ. ಅಂಥ ಧಾಟಿಯ ಅಳವಡಿಕೆಯ ಹಕ್ಕು ಪೂರ್ತಿ ಅರೇಂಜರ್ ಮತ್ತು ಪ್ರಕಾಶಕರದು, ಮೂರನೆಯವರಿಗೆ ಪಾಲಿಲ್ಲ. ಗಂಟೆಗೆ ಸಾಹಿತ್ಯ ಬೇಡವಾದ್ದರಿಂದ ಕವಿಯ ಅನುಮತಿಯ ಗೊಡವೆಯೂ ಇಲ್ಲ. ಒಂದು ತಂಡ ಕೊಳ್ಳುವುದೇ ಹನ್ನೊಂದೋ ಹದಿಮೂರೋ ಪ್ರತಿ. ಅಷ್ಟು ಸಣ್ಣ ಮಾರಾಟದಲ್ಲಿ ಗೌರವಧನ ಹಂಚಿಕೊಂಡರೆ ಉಳಿಯುವುದು ಏನು? ಇತ್ತೀಚೆಗೆ ಕೆಲವು ಪ್ರಕಾಶಕರು ಒಂದೇ ಬೆಲೆಗೆ, ತಂಡದ ಮಟ್ಟಿಗೆ ನಕಲು ತೆಗೆಯುವ ಅನುಮತಿಯ ಜೊತೆಗೇ ಹಾಳೆ ಮಾರುತ್ತಾರೆ. ನನಗೆ ಇದು ಕದ್ದು ಜೆರಾಕ್ಸ್ ಮಾಡುವುದನ್ನು ಒಪ್ಪಿಕೊಂಡು ಬೆಲೆ ಕಟ್ಟಿದ ಹಾಗೆ ಕಾಣುತ್ತದೆ, ಆದರೆ ವ್ಯವಹಾರ ಅದರಿಂದ ಸರಳವಾಗಿದೆ.

2020ರ ಕೊರೊನಾ ಕಾಲದಲ್ಲಿ ಹನ್ನೊಂದು ಜನ ಒಂದೇ ಮೇಜಿನ ಹಿಂದೆ ನಿಲ್ಲುವಂತಿರಲಿಲ್ಲ. ಎಂಟೋ ಹನ್ನೆರಡೋ ಗಂಟೆಗಳಿಗೆಂದೇ ಬರೆದ ಹಾಳೆಗಳಿಗೆ ಆಗ ಬೇಡಿಕೆ ಏರಿತು. ಆರು ಜನ, ಹನ್ನೆರಡು ಗಂಟೆ. ಹವ್ರುಡಾಲ್ ಧಾಟಿಗೇ ಆರು ಗಂಟೆ ಹೋಗುತ್ತವೆ. ಉಳಿದ ಆರರಲ್ಲಿ ಸಿ5, ಡಿ5, ಇ5 ಕೆಳಗಿನ ಆಸರೆಗೆ ಇಟ್ಟುಕೊಂಡರೆ ಮೂರು ಮಿಗುತ್ತವೆ. ಅವನ್ನು ಎಫ್6ವರೆಗೆ ಏರಿಸಿ ಕೊನೆಯ ಚರಣಕ್ಕೆ ಹೊಳಪು ಕೊಡುವುದೋ, ಎಫ್4 ತಂದು ತಳ ಭದ್ರ ಮಾಡುವುದೋ ಎಂಬುದನ್ನು ಪೆನ್ಸಿಲ್ ಹಿಡಿಯುವ ಮೊದಲೇ ತೀರ್ಮಾನಿಸಬೇಕು.