ಮೂರು ಎಕರೆ ಹತ್ತು ಗುಂಟೆಯ ತಪ್ಪು ಲೆಕ್ಕ

ಪಹಣಿಯಲ್ಲಿ 1.20 ಎಂದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಎಕರೆಗೆ 40 ಗುಂಟೆ ಎಂದು ಚಿಕ್ಕಮಗಳೂರು ಸೀಮೆಯ ಯಾವ ರೈತರಿಗೂ ಹೇಳಿಕೊಡಬೇಕಿಲ್ಲ. ಆದರೆ ಗಣಿತದ ಪುಸ್ತಕದಲ್ಲಿ 1.20 ಒಂದೂಕಾಲಿಗಿಂತಲೂ ಕಮ್ಮಿ. ಜಮೀನಿನ ಮಾತು ಕೇಳುತ್ತಲೇ ಬೆಳೆದ ಮಗು ಆರನೆಯದೋ ಏಳನೆಯದೋ ಕ್ಲಾಸಿನಲ್ಲಿ ದಶಮಾಂಶ ಕಲಿಯಲು ಕೂತಾಗ ಈ ಎರಡು ಚುಕ್ಕಿಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ.

ಕಡೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಹುಡುಗಿಯೊಬ್ಬಳು 1.20 + 1.30 = 3.10 ಎಂದು ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಮುಂದಿನ ನೋಟ್‌ಬುಕ್ ತೆಗೆದುಕೊಂಡರೆ ಕೆಲಸ ಮುಗಿಯುತ್ತಿತ್ತು. ಟೀಚರ್ ಕೇಳಿದರು, ‘ಹೆಂಗೆ ಕೂಡಿಸ್ದೆ, ಹೇಳು ನೋಡಣ.’ ‘ಇಪ್ಪತ್ತು, ಮೂವತ್ತು, ಐವತ್ತಾಯ್ತಲ್ಲ ಮಿಸ್. ನಲವತ್ತಕ್ಕೆ ಒಂದು ಎಕರೆ ಹೋಯ್ತು, ಹತ್ತು ಉಳೀತು. ನಮ್ಮಜ್ಜ ಹಿಂಗೇ ಲೆಕ್ಕ ಹಾಕೋದು.’

ಎಕರೆ–ಗುಂಟೆಯಲ್ಲಿ ಲೆಕ್ಕ ಪಕ್ಕಾ ಸರಿ. ಹತ್ತಕ್ಕೆ ದಶಕ ಏರಿಸುವ ಬದಲು ನಲವತ್ತಕ್ಕೆ ಏರಿಸಿದ್ದಾಳೆ, ಅಷ್ಟೇ. ಗಂಟೆ–ನಿಮಿಷ ಕೂಡಿಸುವಾಗ ನಾವೆಲ್ಲ ಅರವತ್ತಕ್ಕೆ ಏರಿಸುವುದಿಲ್ಲವೇ? ಟೀಚರು ಅಂದು ಪಾಠ ಬದಿಗಿಟ್ಟು, ಬೋರ್ಡಿನ ಒಂದು ಕಡೆ ಪಹಣಿ, ಇನ್ನೊಂದು ಕಡೆ ರೂಪಾಯಿ–ಪೈಸೆ ಬರೆದು, ‘ಇಲ್ಲಿ ಎಷ್ಟಾದ್ರೆ ಒಂದು ಏರುತ್ತೆ, ಅಲ್ಲಿ ಎಷ್ಟಾದ್ರೆ?’ ಎಂದು ಇಡೀ ಕ್ಲಾಸಿಗೆ ಕೇಳಿದರು. ಆ ಪೀರಿಯಡ್ಡು ಅಲ್ಲಿಗೇ ಮುಗಿಯಿತು. ಸಿಲಬಸ್ ಅಷ್ಟರಮಟ್ಟಿಗೆ ಹಿಂದೆ ಬಿತ್ತು.

ಆರರಿಂದ ಎಂಟನೇ ತರಗತಿಯ ಗಣಿತದಲ್ಲಿ ಇಂಥ ತಪ್ಪುಗಳು ಹೇರಳ. ಅಲ್ಲಿಯವರೆಗೆ ನಂಬಿಕೊಂಡು ಬಂದ ನಿಯಮಗಳು ಅಲ್ಲಿ ಒಂದೊಂದಾಗಿ ಕೈಕೊಡುತ್ತವೆ. ಗುಣಿಸಿದರೆ ದೊಡ್ಡದಾಗಬೇಕು, ಆದರೆ 8 ಅನ್ನು 0.5ರಿಂದ ಗುಣಿಸಿದರೆ 4. ಅಂಕಿ ಹೆಚ್ಚಿದ್ದಷ್ಟೂ ಸಂಖ್ಯೆ ದೊಡ್ಡದು, ಆದರೆ 0.125 ಮಾತ್ರ 0.3ಕ್ಕಿಂತ ಚಿಕ್ಕದು. ಮಕ್ಕಳು ತಪ್ಪುವುದು ಬಹುಪಾಲು ಹಳೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿಯೇ. ಅದು ಯಾವ ನಿಯಮವೆಂದು ಪತ್ತೆಹಚ್ಚುವ ಚಟ ಹತ್ತಿದ ಶಿಕ್ಷಕರು ಈ ಕೆಲಸ ಬಿಡುವುದಿಲ್ಲ ಎನ್ನುವುದು ನನ್ನ ಅಂದಾಜು. ಅಮೆರಿಕದ ಶಿಕ್ಷಣ ಸಂಶೋಧಕಿ ಡೆಬೊರಾ ಬಾಲ್ ಮತ್ತು ಸಂಗಡಿಗರು ಈ ಪತ್ತೆದಾರಿಕೆಯನ್ನೂ ಗಣಿತ ಜ್ಞಾನದ ಒಂದು ಬಗೆ ಎಂದೇ ಪರಿಗಣಿಸಿದರು. ಕಲಿಸಲು ಬೇಕಾದ ಈ ಬಗೆಯ ಗಣಿತ ಚೆನ್ನಾಗಿ ಗೊತ್ತಿದ್ದ ಶಿಕ್ಷಕರ ಕೈಕೆಳಗೆ ಸಣ್ಣ ತರಗತಿಯ ಮಕ್ಕಳು ಹೆಚ್ಚು ಕಲಿತದ್ದನ್ನು ಅವರ 2005ರ ಅಧ್ಯಯನ ತೋರಿಸಿತು. ಎಂ.ಎಸ್ಸಿ. ಮಾಡಿದವರಿಗೆಲ್ಲ ಇದು ತಾನಾಗಿಯೇ ಬಂದುಬಿಡುವುದಿಲ್ಲ.

ಹಾಗಾದರೆ ಶಿಕ್ಷಕರು ಮನಸ್ಸಿಟ್ಟು ಕಲಿಸಲು ಸಂಬಳ ಹೆಚ್ಚಿಸಿದರೆ ಸಾಲದೇ? ಇಂಡೊನೇಷ್ಯಾ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲವೇತನವನ್ನು ದುಪ್ಪಟ್ಟು ಮಾಡಿತು. ಪರಿಣಾಮವನ್ನು ಅಳೆದ ಸಂಶೋಧಕರ ವರದಿ 2018ರಲ್ಲಿ ಬಂತು. ಶಿಕ್ಷಕರ ನೆಮ್ಮದಿ ಹೆಚ್ಚಿತ್ತು, ಹಣದ ಚಿಂತೆ ಇಳಿದಿತ್ತು, ಎರಡನೇ ಕೆಲಸಕ್ಕೆ ಹೋಗುವವರು ಕಡಿಮೆಯಾಗಿದ್ದರು. ಮಕ್ಕಳ ಅಂಕ ಮಾತ್ರ ಇದ್ದಲ್ಲೇ ಇತ್ತು. ಇದನ್ನು ಓದಿ ‘ಸಂಬಳ ಕೊಟ್ಟು ಪ್ರಯೋಜನವಿಲ್ಲ’ ಎನ್ನುವವರಿದ್ದಾರೆ. ನೆಮ್ಮದಿ ಪ್ರಯೋಜನವಲ್ಲವೇ? ಅತಿಥಿ ಶಿಕ್ಷಕರ ಗೌರವಧನ ತಿಂಗಳುಗಟ್ಟಲೆ ತಡವಾದರೆ ಯಾರ ಪತ್ತೆದಾರಿಕೆಯೂ ನಡೆಯದು.

ನಮ್ಮ ಪಕ್ಕದ ಆಂಧ್ರದ ಹಳ್ಳಿ ಶಾಲೆಗಳಲ್ಲಿ ನಡೆದ ಪ್ರಯೋಗ ಬೇರೆಯದನ್ನೇ ಹೇಳಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2011ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ, ಮಕ್ಕಳ ಕಲಿಕೆ ಏರಿದರೆ ಶಿಕ್ಷಕರಿಗೆ ಸಣ್ಣ ಬೋನಸ್ಸು. ಎರಡು ವರ್ಷದಲ್ಲಿ ಮಕ್ಕಳು ಸುಧಾರಿಸಿದರು, ಭಾಷೆಗಿಂತ ಗಣಿತದಲ್ಲಿ ಹೆಚ್ಚಾಗಿ. ಶಿಕ್ಷಕರ ಗೈರುಹಾಜರಿ ತಗ್ಗಲಿಲ್ಲ. ಬಂದ ದಿನ ಹೆಚ್ಚು ಶ್ರಮ ಹಾಕಿದರು, ಹೋಮ್‌ವರ್ಕ್ ಕೊಟ್ಟರು, ಹೆಚ್ಚುವರಿ ಕ್ಲಾಸು ತೆಗೆದುಕೊಂಡರು.

ಇದಕ್ಕೆದುರಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿಯ 1971ರ ಪ್ರಯೋಗವನ್ನು ಎತ್ತಿ ಹಿಡಿಯುವುದು ರೂಢಿ. ಸೋಮಾ ಎಂಬ ಏಳು ತುಂಡಿನ ಒಗಟನ್ನು ಬಿಡಿಸಲು ಕೆಲವು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ದಿನ ದುಡ್ಡು ಕೊಟ್ಟ. ಮುಂದಿನ ಸಲ ದುಡ್ಡು ನಿಂತಿತು. ಬಿಡುವಿನ ವೇಳೆಯಲ್ಲಿ ಅವರು ಒಗಟಿನ ತಂಟೆಗೆ ಹೋಗುವುದೂ ಕಮ್ಮಿಯಾಯಿತು. ಒಗಟು ಮೊದಲೇ ಖುಷಿ ಕೊಡುವಂಥದ್ದು, ಆ ಖುಷಿಯ ಮೇಲೆ ದುಡ್ಡು ಕೂತಿತು. ಮುಂದೆ ಡೆಸಿ ಮತ್ತು ರಿಚರ್ಡ್ ರಯಾನ್ ಸೇರಿ, ಮನುಷ್ಯ ಮನಸ್ಸಿಟ್ಟು ದುಡಿಯಲು ಮೂರು ಬೇಕು ಎಂದರು: ಸ್ವಂತ ತೀರ್ಮಾನಕ್ಕೆ ಜಾಗ, ಕೈಲಾಗುತ್ತದೆಂಬ ಭರವಸೆ, ಜೊತೆಯವರ ಒಡನಾಟ.

ಕಡೂರಿನ ಆ ಟೀಚರಿಗೆ ಮೊದಲನೆಯದು ಒಂದು ಪೀರಿಯಡ್ಡಿನ ಮಟ್ಟಿಗೆ ಸಿಕ್ಕಿತು. ಎರಡನೆಯದು ಹುಡುಗಿಯ ಉತ್ತರದಲ್ಲೇ ಇತ್ತು. ಮೂರನೆಯದೇ ಕಷ್ಟ. ಸಣ್ಣ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ. ಅವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಮಕ್ಕಳ ವಿವರ ಆನ್‌ಲೈನ್‌ಗೆ ತುಂಬಿಸಬೇಕು, ಚುನಾವಣೆ ಬಂದರೆ ಅದಕ್ಕೂ ಹೋಗಬೇಕು. 3.10ರ ಕತೆ ಹೇಳಿಕೊಳ್ಳಲು ಪಕ್ಕದಲ್ಲಿ ಯಾರಿದ್ದಾರೆ? ಜಪಾನಿನಲ್ಲಿ ಶಿಕ್ಷಕರು ಕೂತು ಒಂದೇ ಪಾಠವನ್ನು ಸೇರಿ ಸಿದ್ಧಪಡಿಸಿ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಆಮೇಲೆ ಚರ್ಚಿಸುವ ಪದ್ಧತಿ ಬಹಳ ಹಿಂದಿನಿಂದಲೂ ಇದೆ. ನಮ್ಮಲ್ಲಿ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಿವೆ. ಸುತ್ತೋಲೆ ಓದಿ, ಕಾಫಿ ಕುಡಿದು ಏಳುವುದೇ ಅಲ್ಲಿ ಹೆಚ್ಚು.

ಆ ಟೀಚರು ಹುಡುಗಿಯ ನೋಟ್‌ಬುಕ್ಕನ್ನೇ ಅಂಥ ಸಭೆಗೆ ಒಯ್ದರು. ದಶಮಾಂಶಕ್ಕೆ ಮೊದಲೇ ಪಹಣಿ ತೋರಿಸಬೇಕೋ ಆಮೇಲೋ ಎಂದು ಇಬ್ಬರು ವಾದಕ್ಕಿಳಿದರು. ‘ಪಹಣಿ ಬೇಡ, ಕ್ರಿಕೆಟ್ಟಿನ 4.3 ಓವರ್ ತಗೊಳ್ಳಿ, ಜಮೀನಿಲ್ಲದ ಮಕ್ಕಳಿಗೂ ಗೊತ್ತಿರುತ್ತೆ’ ಎಂದರು ಮೂರನೆಯವರು. ಎಸ್ಟೇಟ್ ಕೂಲಿಕಾರರ ಲೈನ್‌ಮನೆಗಳ ಮಕ್ಕಳು ಬರುವ ಶಾಲೆ ಅವರದು.