ಗ್ರೂಪಿನಲ್ಲಿ ನಂಬರು ಹೇಗೂ ಕಾಣುತ್ತದಲ್ಲ, ಪಟ್ಟಿ ಹಂಚಿದರೆ ತಪ್ಪೇನು?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಹಳೆ ವಿದ್ಯಾರ್ಥಿಗಳ ಸಂಘ ಡಿಸೆಂಬರ್‌ನಲ್ಲಿ ಗುರುವಂದನೆ ಇಟ್ಟುಕೊಂಡಿದೆ. ಸುಮಾರು ನಾನೂರು ಸದಸ್ಯರ ಹೆಸರು, ವಿಳಾಸ, ಮೊಬೈಲ್ ನಂಬರು ಇರುವ ಪಟ್ಟಿಯನ್ನು ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬಹುದೇ? ನಂಬರುಗಳು ಗ್ರೂಪಿನಲ್ಲಿ ಹೇಗೂ ಎಲ್ಲರಿಗೂ ಕಾಣುತ್ತವೆ.
– ಸಂಘವೊಂದರ ಕಾರ್ಯದರ್ಶಿ, ತೀರ್ಥಹಳ್ಳಿ ತಾಲೂಕು

ಉತ್ತರ: ಹಾಕಬೇಡಿ. ಗುರುವಂದನೆಯ ಕಾಲ ಬಂತೆಂದರೆ ಈ ಪ್ರಶ್ನೆ ಸಾಗರದಿಂದಲೋ ಹೊಸನಗರದಿಂದಲೋ ಭದ್ರಾವತಿಯಿಂದಲೋ ಬಂದೇ ಬರುತ್ತದೆ. ಕೇಳುವವರು ಬೇರೆಯಾದರೂ ‘ಹೇಗೂ ಕಾಣುತ್ತದಲ್ಲ’ ಎಂಬ ಮಾತು ಮಾತ್ರ ಅದೇ. ಎಷ್ಟು ಸಲ ಉತ್ತರಿಸಿದರೂ ಅದು ಸಾಯುತ್ತಿಲ್ಲವಾದ್ದರಿಂದ ಈ ಸಲ ಆ ಮಾತನ್ನೇ ಹಿಡಿದು ಬಿಡಿಸುತ್ತೇನೆ.

ಗ್ರೂಪಿನಲ್ಲಿ ಕಾಣುವುದು ಒಂದು ನಂಬರು, ಹೆಚ್ಚೆಂದರೆ ಅದರ ಪಕ್ಕದಲ್ಲಿ ಆ ವ್ಯಕ್ತಿ ತಾನೇ ಇಟ್ಟುಕೊಂಡ ಹೆಸರು ಮತ್ತು ಒಂದು ಫೋಟೊ. ನಿಮ್ಮ ಪಟ್ಟಿಯಲ್ಲಿರುವುದು ಅದಲ್ಲ. ನಾನು ಕಂಡ ಇಂಥ ಪಟ್ಟಿಗಳಲ್ಲಿ ಒಂದು ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ಪೂರ್ಣ ಹೆಸರು, ಬ್ಯಾಚು, ಹುಟ್ಟಿದ ದಿನಾಂಕ, ರಕ್ತದ ಗುಂಪು, ಗಂಡ ಅಥವಾ ಹೆಂಡತಿಯ ಹೆಸರು, ಮೊಬೈಲ್, ಈಗಿನ ವಾಸ ಅಮೆರಿಕ, ಊರಿನ ವಿಳಾಸ ಹೊಸನಗರ ತಾಲೂಕಿನ ಇಂಥ ಗ್ರಾಮ. ಈ ಸಾಲನ್ನು ಮಲೆನಾಡಿನ ಕಣ್ಣಿನಿಂದ ಇನ್ನೊಮ್ಮೆ ಓದಿ. ತೋಟದ ನಡುವಿನ ಒಂಟಿ ಮನೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ, ಮಗ ದೇಶದಲ್ಲಿಲ್ಲ, ಒಳಗಿರುವವರು ಇಬ್ಬರು ವೃದ್ಧರು, ಸುಗ್ಗಿ ಮುಗಿದ ಮೇಲಾದರೆ ಅಟ್ಟದಲ್ಲಿ ಅಡಿಕೆ ಚೀಲಗಳೂ ಇರುತ್ತವೆ. ಇಷ್ಟನ್ನೂ ನೀವೇ ಒಂದೇ ಸಾಲಿನಲ್ಲಿ ಬರೆದುಕೊಟ್ಟಂತಾಯಿತು. ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಯಾವುದೂ ಗುಟ್ಟಲ್ಲ ಎಂಬುದು ನಿಜ. ಅಪಾಯ ಇರುವುದು ಅವುಗಳನ್ನು ಒಂದೆಡೆ ಜೋಡಿಸಿದ್ದರಲ್ಲಿ, ಮತ್ತು ಹಾಗೆ ಜೋಡಿಸಿದವರು ಸಂಘದವರೇ.

ಎರಡನೆಯ ವ್ಯತ್ಯಾಸ ಇನ್ನೂ ಸರಳವಾದದ್ದು. ಗ್ರೂಪು ಬೇಡವೆನಿಸಿದವರು ಅದನ್ನು ಬಿಟ್ಟು ಹೋಗಬಹುದು, ಪಿಡಿಎಫ್ ಬಿಟ್ಟು ಹೋಗಲು ಯಾರಿಗೂ ದಾರಿಯಿಲ್ಲ. ನೀವು ಆಮೇಲೆ ಗ್ರೂಪಿನಿಂದ ಅಳಿಸಿದರೂ ಅಷ್ಟರಲ್ಲಿ ಫಾರ್ವರ್ಡ್ ಆದ ಪ್ರತಿಗಳು ನಿಮ್ಮ ಕೈಗೆ ಸಿಗುವುದಿಲ್ಲ. ಇದನ್ನು ನಾನು ಉಪದೇಶಕ್ಕಾಗಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಬ್ಯಾಚಿನ ಪಟ್ಟಿಯನ್ನು ಗೂಗಲ್ ಶೀಟಿನಲ್ಲಿ ಇಟ್ಟು, ಲಿಂಕ್ ಇದ್ದವರೆಲ್ಲರೂ ನೋಡಬಹುದೆಂಬ ಆಯ್ಕೆ ಒತ್ತಿ, ಬಹಳ ಅಚ್ಚುಕಟ್ಟಾದ ಕೆಲಸ ಮಾಡಿದೆನೆಂದು ಬೀಗಿದವನು ನಾನೇ. ವಾರದೊಳಗೆ ವಿಮೆ ಮತ್ತು ಸೈಟು ಮಾರುವವರ ಕರೆಗಳು ಶುರುವಾದವು. ಅದಕ್ಕೆ ಎಲ್ಲರೂ ನಕ್ಕು ಸುಮ್ಮನಾದರು. ಆದರೆ ಒಬ್ಬ ಸಹಪಾಠಿ ಫೋನು ಮಾಡಿ, ತಾನು ಮನೆ ಬದಲಿಸಿದ್ದು ಕೆಲವರಿಗೆ ಗೊತ್ತಾಗಬಾರದೆಂದೇ ಬದಲಿಸಿದ್ದು ಎಂದು ಹೇಳಿ, ‘ನಾನು ವಿಳಾಸ ಕೊಟ್ಟಿದ್ದು ನಿನಗೆ ಮಾರಾಯ, ಪಟ್ಟಿಗಲ್ಲ’ ಎಂದರು. ಅಂದೇ ಲಿಂಕ್ ಮುಚ್ಚಿದೆ. ಅವರು ಮಾತ್ರ ಮತ್ತೆ ಮನೆ ಬದಲಿಸಬೇಕಾಯಿತು.

ಕಾನೂನಿನ ಮಾತು ಕೇಳುವವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶದೊಂದಿಗೆ. ‘ನಾವು ಲಾಭಕ್ಕೆ ಮಾಡುವವರಲ್ಲ, ನಮಗೆ ಅನ್ವಯಿಸುವುದಿಲ್ಲ’ ಎನ್ನುವವರು ಗಮನಿಸಬೇಕಾದದ್ದು ಇಷ್ಟು: ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಇಟ್ಟುಕೊಂಡ ಮಾಹಿತಿಯನ್ನು ಕಾಯ್ದೆ ಹೊರಗಿಟ್ಟಿದೆಯೇ ಹೊರತು ಸಂಘವನ್ನಲ್ಲ, ನೋಂದಣಿಯಾಗದ ಜನರ ಕೂಟವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಭದ್ರತೆಯ ಲೋಪಕ್ಕೆ ಗರಿಷ್ಠ ದಂಡ 250 ಕೋಟಿ ರೂಪಾಯಿ. ನಿಮ್ಮ ಸಂಘದ ಮೇಲೆ ಅಷ್ಟು ಬಿದ್ದೀತೆಂದು ಹೆದರಿಸುತ್ತಿಲ್ಲ, ಅಂಕಿ ಕೇಳದೆ ಬಿಡದವರಿಗಾಗಿ ಬರೆದೆ.

‘ಪಟ್ಟಿ ಹಾಕುತ್ತಿದ್ದೇವೆ, ಆಕ್ಷೇಪವಿದ್ದವರು ಭಾನುವಾರದೊಳಗೆ ತಿಳಿಸಿ’ ಎಂಬ ಒಕ್ಕಣೆ ನಮ್ಮ ಸಂಘಗಳಿಗೆ ಬಹಳ ಪ್ರಿಯವಾದದ್ದು. ಇದು ಒಪ್ಪಿಗೆ ಪಡೆಯುವ ಕ್ರಮವಲ್ಲ. ಒಪ್ಪಿಗೆ ಸ್ಪಷ್ಟವಾದ ಕ್ರಿಯೆಯಿಂದಲೇ ವ್ಯಕ್ತವಾಗಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಬರುವಂತಿರಬೇಕು ಎಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹಾಗಿರಲಿ, ತೋಟದ ಕೆಲಸದಲ್ಲಿದ್ದು, ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋದಾಗ ಮಾತ್ರ ಫೋನು ನೋಡುವವರ ಮೌನಕ್ಕೆ ‘ಹೌದು’ ಎಂಬ ಅರ್ಥ ಹಚ್ಚುವುದು ಎಲ್ಲಿಯ ನ್ಯಾಯ?

ಹಾಗಾದರೆ ಮಾಡಬೇಕಾದದ್ದೇನು? ಹಂಚುವ ಪಟ್ಟಿಯಲ್ಲಿ ಹೆಸರು, ಬ್ಯಾಚು, ಈಗಿನ ಊರು ಇಷ್ಟೇ ಇರಲಿ. ನಂಬರು ಸೇರಿಸಬಹುದೆಂದು ತಾವಾಗಿ ಗುರುತು ಹಾಕಿದವರದ್ದನ್ನು ಮಾತ್ರ ಸೇರಿಸಿ. ಉಳಿದವರ ನಂಬರನ್ನು ಯಾರಾದರೂ ಕೇಳಿದರೆ ಕಾರ್ಯದರ್ಶಿ ಮೊದಲು ಆ ಸದಸ್ಯರಿಗೆ ಫೋನು ಮಾಡಿ, ಕೊಡಲೇ ಎಂದು ವಿಚಾರಿಸಲಿ. ಹುಟ್ಟುಹಬ್ಬದ ಶುಭಾಶಯಕ್ಕೆ ದಿನ, ತಿಂಗಳು ಸಾಕು, ಇಸವಿ ಬೇಕಿಲ್ಲ. ಮಣಿಪಾಲಕ್ಕೆ ಹೋದಾಗ ರಕ್ತ ಬೇಕಾಗುತ್ತದೆ ಎಂಬ ವಾದವನ್ನು ಒಪ್ಪುತ್ತೇನೆ, ಆದರೆ ಅದಕ್ಕೆ ರಕ್ತ ಕೊಡಲು ಸಿದ್ಧರಿರುವವರ ಬೇರೆಯೇ ಪಟ್ಟಿ ಇರಬೇಕು. ಪ್ರವಾಸದ ವಸತಿಗೆ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಸದಸ್ಯರೇ ನೇರವಾಗಿ ವಸತಿಯವರಿಗೆ ಕಳಿಸಲಿ, ಗ್ರೂಪಿಗೆ ಬೇಡ. ಕಾರ್ಯಕ್ರಮದ ದಿನ ಬಾಗಿಲಲ್ಲಿ ಎಲ್ಲರೂ ಬರೆಯುವ ಒಂದೇ ನೋಟ್‌ಪುಸ್ತಕದ ಬದಲು ಒಬ್ಬೊಬ್ಬರಿಗೆ ಒಂದೊಂದು ಚೀಟಿ ಕೊಡಿ, ಮುಂದಿನವರು ಹಿಂದಿನವರ ನಂಬರಿನ ಫೋಟೊ ತೆಗೆದುಕೊಳ್ಳುವುದು ನಿಲ್ಲುತ್ತದೆ. ಮೂಲ ಪಟ್ಟಿ ಸಂಘದ ಖಾತೆಯಲ್ಲಿ, ಇಬ್ಬರ ಕೈಯಲ್ಲಿ ಮಾತ್ರ ಇರಬೇಕು. ಪದಾಧಿಕಾರಿಗಳು ಬದಲಾದ ದಿನವೇ ಹಳಬರ ಪ್ರವೇಶ ತೆಗೆದು, ಅವರ ಫೋನಿನಲ್ಲಿರುವ ಪ್ರತಿಯನ್ನು ಎದುರಿಗೇ ಅಳಿಸಬೇಕು. ಮುಜುಗರವೆನಿಸಿದರೆ ಹಣದ ಲೆಕ್ಕ ಒಪ್ಪಿಸುವಾಗ ಇಲ್ಲದ ಮುಜುಗರ ಇದಕ್ಕೇಕೆ ಎಂದು ಕೇಳಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು. ಹಳೆಯ ಬ್ಯಾಚುಗಳ ಪಟ್ಟಿಯಲ್ಲಿ ತೀರಿಕೊಂಡವರ ನಂಬರುಗಳೂ ಉಳಿದಿರುತ್ತವೆ, ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಸಂಪರ್ಕ ಕಡಿತವಾದ ಮೊಬೈಲ್ ನಂಬರನ್ನು 90 ದಿನಗಳ ನಂತರ ಕಂಪನಿಗಳು ಬೇರೆಯವರಿಗೆ ಕೊಡಬಹುದು. ಆಮೇಲೆ ಗೆಳೆಯನ ಹೆಸರಿಗೆ ನೀವು ಕಳಿಸುವ ಆಮಂತ್ರಣ, ವಂತಿಗೆಯ ವಿವರ ಎಲ್ಲವೂ ಗುರುತಿಲ್ಲದವರೊಬ್ಬರ ಫೋನಿಗೆ ಹೋಗುತ್ತವೆ. ಗ್ರೂಪಿನಲ್ಲಿ ಸಾವಿನ ಸುದ್ದಿ ಬಂದಾಗ ‘ಓಂ ಶಾಂತಿ’ ಬರೆದು ಮುಗಿಸದೆ, ಹದಿಮೂರು ದಿನ ಕಳೆದ ಮೇಲೆ ಯಾರಾದರೂ ಒಬ್ಬರು ಮನೆಯವರೊಡನೆ ಮಾತನಾಡಿ, ಆ ಸಿಮ್ ಅನ್ನು ಮನೆಯಲ್ಲಿ ಯಾರಾದರೂ ಇಟ್ಟುಕೊಳ್ಳುತ್ತಾರೆಯೇ, ಗ್ರೂಪಿನಲ್ಲಿ ಉಳಿಯಲು ಅವರಿಗೆ ಇಷ್ಟವಿದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ನಂಬರನ್ನು ತೆಗೆಯಿರಿ, ಹೆಸರು ಬ್ಯಾಚಿನ ಪಟ್ಟಿಯಲ್ಲಿ ಹಾಗೆಯೇ ಇರಲಿ. ನಮ್ಮ ಪಟ್ಟಿಯಲ್ಲಿ ಈಗ ಅಂಥ ಏಳು ಹೆಸರುಗಳಿವೆ.